ಕೀ ಕೊಡುವ ಅಡುಗೆಮನೆ ಟೈಮರ್ ಕೈಕೊಟ್ಟರೆ ಎಲ್ಲಿಂದ ನೋಡಬೇಕು

ಪತ್ರೊಡೆ ಹಬೆಗಿಟ್ಟರೆ ಮುಕ್ಕಾಲು ಗಂಟೆ. ಕುಚ್ಚಲಕ್ಕಿ ಅನ್ನಕ್ಕೂ ಹೆಚ್ಚುಕಡಿಮೆ ಅಷ್ಟೇ. ಕೈಯೆಲ್ಲ ಹಿಟ್ಟಾಗಿರುವಾಗ ಮೊಬೈಲ್ ಮುಟ್ಟಲು ಯಾರಿಗೂ ಮನಸ್ಸು ಬರುವುದಿಲ್ಲ. ಹಾಗಾಗಿ ಮಂಗಳೂರು, ಉಡುಪಿ ಕಡೆ ಎಷ್ಟೋ ಮನೆಗಳಲ್ಲಿ ಕೀ ಕೊಡುವ ಟೈಮರ್ ಇನ್ನೂ ಫ್ರಿಜ್ಜಿನ ಮೇಲೆ ಕೂತಿದೆ. ಬ್ಯಾಟರಿ ಬೇಡ, ಕರೆಂಟು ಹೋದರೂ ಚಿಂತೆ ಇಲ್ಲ.

ಆದರೆ ಅದನ್ನು ಹಾಳು ಮಾಡುವುದೂ ಇದೇ ಅಡುಗೆಮನೆ. ಹಬೆ, ಹಿಟ್ಟಿನ ಧೂಳು, ಒಗ್ಗರಣೆಯ ಜಿಡ್ಡು, ಇದರ ಮೇಲೆ ಸಮುದ್ರದ ಉಪ್ಪುಗಾಳಿ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಊರು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಒಣಗಿಸಿಟ್ಟ ಬಟ್ಟೆಗೇ ಬೂಸ್ಟು ಹಿಡಿಯುವ ಆ ತಿಂಗಳುಗಳಲ್ಲಿ ತೆಳು ಉಕ್ಕಿನ ಕಡ್ಡಿಗೆ ತುಕ್ಕು ಹಿಡಿಯದೆ ಇರುತ್ತದಾ?

ಟೈಮರ್ ನಿಂತಿತು ಅಂದ ಕೂಡಲೇ ಜನ ಹೇಳುವುದು "ಸ್ಪ್ರಿಂಗ್ ಹೋಗಿದೆ" ಅಂತ. ನಿಜವಾಗಿ ಸ್ಪ್ರಿಂಗ್ ತುಂಡಾಗುವುದು ಅಪರೂಪ. ಜಾಸ್ತಿ ಸಲ ತಪ್ಪು ಜಿಡ್ಡಿನದ್ದು. ಅದು ಬಿಟ್ಟರೆ ಜಾರುವ ನಾಬ್, ಇಲ್ಲವೇ ಬೆಲ್ಲಿಗೆ ಒರಗಿ ಕೂತ ಸುತ್ತಿಗೆ. ಮೊದಲ ಎರಡನ್ನು ಸ್ಕ್ರೂಡ್ರೈವರ್ ಮುಟ್ಟದೆ, ಬರೀ ಕಿವಿಯಿಂದ ಮತ್ತು ಬೆರಳಿನಿಂದ ಕಂಡುಹಿಡಿಯಬಹುದು. ಸುತ್ತಿಗೆ ನೋಡಲು ಮಾತ್ರ ಹೊರಗವಚ ತೆಗೆಯಬೇಕು.

ಒಳಗೆ ನಡೆಯುವುದೇನು

ನಾಬ್ ತಿರುಗಿಸಿದಾಗ ಅದರ ಕೆಳಗಿನ ಶಾಫ್ಟಿಗೆ ಸುತ್ತಿಕೊಂಡ ಚಪ್ಪಟೆ ಉಕ್ಕಿನ ಪಟ್ಟಿ ಬಿಗಿಯಾಗುತ್ತದೆ. ಇದೇ ಮುಖ್ಯ ಸ್ಪ್ರಿಂಗ್. ಕೈಬಿಟ್ಟಾಗ ಅದು ಬಿಚ್ಚಿಕೊಳ್ಳಲು ನೋಡುತ್ತದೆ, ದೊಡ್ಡ ಹಲ್ಲುಚಕ್ರವನ್ನು ತಳ್ಳುತ್ತದೆ. ದೊಡ್ಡ ಚಕ್ರ ಚಿಕ್ಕದನ್ನು, ಅದು ಇನ್ನೊಂದನ್ನು. ಒಂದೊಂದು ಹಂತಕ್ಕೂ ವೇಗ ಹೆಚ್ಚುತ್ತದೆ, ಬಲ ಕಡಿಮೆಯಾಗುತ್ತದೆ. ಈ ಮಾತು ನೆನಪಿಡಿ. ಸಾಲಿನ ಕೊನೆಯ ಚಕ್ರಕ್ಕೆ ತಲುಪುವ ಬಲ ಎಷ್ಟು ಕಡಿಮೆ ಅಂದರೆ ಒಂದು ಕಣ ರವೆ ಸಿಕ್ಕಿಕೊಂಡರೂ ಅದು ನಿಲ್ಲುತ್ತದೆ.

ತಡೆ ಇಲ್ಲದಿದ್ದರೆ ಸ್ಪ್ರಿಂಗ್ ಕೆಲವೇ ಸೆಕೆಂಡಿನಲ್ಲಿ ಗರ್ರ್ ಅಂತ ಬಿಚ್ಚಿಹೋಗುತ್ತಿತ್ತು. ತಡೆಯುವುದು ಕೊನೆಯಲ್ಲಿರುವ ಎಸ್ಕೇಪ್ ಚಕ್ರ ಮತ್ತು ಅದರ ಪಕ್ಕ ಆಚೀಚೆ ಅಲ್ಲಾಡುವ ಪ್ಯಾಲೆಟ್. ಮಠದ ಊಟದ ಸಾಲಿನಲ್ಲಿ ಬಾಗಿಲ ಹತ್ತಿರ ನಿಂತವರು ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಾರಲ್ಲ, ಹಾಗೆ ಪ್ಯಾಲೆಟ್ ಒಂದೊಂದೇ ಹಲ್ಲನ್ನು ಬಿಡುತ್ತದೆ. ಟಿಕ್ ಅನ್ನುವುದು ಹಲ್ಲು ಪ್ಯಾಲೆಟ್ಟಿಗೆ ಬಡಿಯುವ ಸದ್ದು. ಎಷ್ಟು ಬೇಗ ಬಿಡಬೇಕು ಅಂತ ತೀರ್ಮಾನಿಸುವುದು ಪ್ಯಾಲೆಟ್ಟಿಗೆ ಜೋಡಿಸಿದ ತೂಕದ ಚಕ್ರ. ಒಳ್ಳೆಯ ಟೈಮರಿನಲ್ಲಿ ಅದಕ್ಕೆ ಕೂದಲಿನಷ್ಟು ತೆಳುವಾದ ಹೇರ್‌ಸ್ಪ್ರಿಂಗ್ ಇರುತ್ತದೆ. ಅಗ್ಗದ್ದರಲ್ಲಿ ಅದೂ ಇಲ್ಲ, ಬರೀ ತೂಕ ಆಚೀಚೆ ಬಡಿದುಕೊಳ್ಳುತ್ತದೆ. ಅಂಥವು ಸ್ಪ್ರಿಂಗ್ ಬಿಗಿಯಾಗಿರುವಾಗ ಸ್ವಲ್ಪ ಓಡುತ್ತವೆ, ಸಡಿಲವಾದಾಗ ಸ್ವಲ್ಪ ತೆವಳುತ್ತವೆ. ಗಂಟೆಗೆ ಒಂದೆರಡು ನಿಮಿಷ ಆಚೀಚೆ ಆದರೆ ಅದನ್ನು ದೋಷ ಅನ್ನಬೇಡಿ.

ಇನ್ನು ಬೆಲ್. ಶಾಫ್ಟಿನ ಮೇಲೆ ಒಂದು ತಟ್ಟೆ ಇದೆ, ಅದರ ಅಂಚಿನಲ್ಲಿ ಒಂದು ಕಡೆ ಕಚ್ಚು. ಟೈಮರ್ ಓಡುವಷ್ಟು ಹೊತ್ತು ಒಂದು ಸಣ್ಣ ಲಿವರ್ ಆ ಅಂಚಿನ ಮೇಲೆ ಜಾರುತ್ತಾ ಸುತ್ತಿಗೆಯನ್ನು ಹಿಡಿದಿಟ್ಟಿರುತ್ತದೆ. ಸೊನ್ನೆ ಬಂದಾಗ ಲಿವರ್ ಕಚ್ಚಿನೊಳಗೆ ಬೀಳುತ್ತದೆ, ಸುತ್ತಿಗೆ ಬಿಡುಗಡೆಯಾಗಿ ಬೆಲ್ಲಿಗೆ ಬಡಿಯುತ್ತದೆ. ಕೆಲವು ಟೈಮರಿನಲ್ಲಿ ಬೆಲ್ಲಿಗೆ ಬೇರೆಯೇ ಸ್ಪ್ರಿಂಗ್ ಇರುತ್ತದೆ, ಕೆಲವದರಲ್ಲಿ ಎಲ್ಲದಕ್ಕೂ ಒಂದೇ.

ಬಿಚ್ಚುವ ಮೊದಲು

ಪೂರ್ತಿ ಕೀ ಕೊಡಿ. ಮೇಜಿನ ಮೇಲೆ ಇಟ್ಟು ಕಿವಿ ಹತ್ತಿರ ತನ್ನಿ. ಕೇಳುವುದು ಈ ನಾಲ್ಕರಲ್ಲಿ ಒಂದಾಗಿರುತ್ತದೆ: ಸಮವಾದ ಟಿಕ್ ಟಿಕ್, ಕುಂಟುವ ಟಿಕ್, ಏನೂ ಇಲ್ಲ, ಇಲ್ಲವೇ ಗರ್ರ್ ಅಂತ ಓಡಿಹೋಗುವ ಸದ್ದು.

ಗರ್ರ್ ಅಂದರೆ ಪ್ಯಾಲೆಟ್ ಹಲ್ಲನ್ನು ಹಿಡಿಯುತ್ತಿಲ್ಲ. ಕೆಳಗೆ ಬಿದ್ದ ಟೈಮರಿಗೆ ಇದು ಮಾಮೂಲು. ಬಿದ್ದ ಪೆಟ್ಟಿಗೆ ಚಕ್ರದ ನಡುವಿನ ಕಡ್ಡಿಯ ತುದಿ, ಅದು ಕೂರುವ ಲೋಹದ ಪ್ಲೇಟಿನ ತೂತಿನಿಂದ ಹೊರಗೆ ಬಂದಿರುತ್ತದೆ, ಇಲ್ಲವೇ ಬಗ್ಗಿರುತ್ತದೆ. ಅಗ್ಗದ ಟೈಮರಿನಲ್ಲಿ ಇದು ರಿಪೇರಿಗೆ ಬಾಳುವುದಿಲ್ಲ. ಮುಂದೆ ಓದುವುದೂ ಬೇಡ, ಹೊಸತು ತನ್ನಿ.

ಏನೂ ಸದ್ದಿಲ್ಲ, ಆದರೆ ನಾಬ್ ತಿರುಗಿಸುವಾಗ ಬಿಗಿ ಗೊತ್ತಾಗುತ್ತದೆ ಅಂದರೆ ಸ್ಪ್ರಿಂಗ್ ಚೆನ್ನಾಗಿದೆ, ಬಲ ಎಲ್ಲೋ ನಡುವೆ ಸಿಕ್ಕಿಕೊಂಡಿದೆ. ಟೈಮರನ್ನು ಅಂಗೈಯಲ್ಲಿ ಹಿಡಿದು ಮಣಿಕಟ್ಟು ತಿರುಗಿಸಿ ಒಮ್ಮೆ ಆಚೀಚೆ ಅಲ್ಲಾಡಿಸಿ. ತುಸು ಓಡಿ ನಿಂತರೆ ಜಿಡ್ಡು ಅಥವಾ ಕಸ. ಒಂದು ಟಿಕ್ ಕೂಡ ಬಾರದಿದ್ದರೆ ತುಕ್ಕು.

ಬಿಗಿಯೇ ಇಲ್ಲ, ನಾಬ್ ಸುಮ್ನೆ ಸುತ್ತುತ್ತದೆ ಅಂದರೆ ಸ್ಪ್ರಿಂಗಿನ ಮೇಲೆ ತಪ್ಪು ಹೊರಿಸುವ ಮೊದಲು ನಾಬನ್ನು ಮೇಲಕ್ಕೆ ಎಳೆದು ತೆಗೆಯಿರಿ. ಹೆಚ್ಚಿನವು ಬರೀ ಒತ್ತಿ ಕೂರಿಸಿದವು, ನೇರ ಎಳೆದರೆ ಬರುತ್ತವೆ. ಕೆಳಗೆ ಕಾಣುವ ಶಾಫ್ಟಿನ ಒಂದು ಬದಿ ಸಾಧಾರಣವಾಗಿ ಚಪ್ಪಟೆಯಾಗಿರುತ್ತದೆ, ನಾಬಿನ ತೂತೂ ಅದೇ ಆಕಾರ. ಪ್ಲಾಸ್ಟಿಕ್ಕಿನ ಆ ತೂತಿನ ಗೋಡೆಯಲ್ಲಿ ಬಿರುಕು ಬಿಟ್ಟಿದೆಯಾ ನೋಡಿ. ಬೆಳಕಿಗೆ ಹಿಡಿದರೆ ಕೂದಲಿನಂಥ ಗೆರೆ ಕಾಣುತ್ತದೆ. ಈಗ ಶಾಫ್ಟನ್ನೇ ಇಕ್ಕಳದಿಂದ ಮೆಲ್ಲ ಹಿಡಿದು ತಿರುಗಿಸಿ. ಬಿಗಿ ಸಿಕ್ಕಿ ಟೈಮರ್ ಓಡಿದರೆ ಒಳಗೆ ಎಲ್ಲ ಸರಿ ಇದೆ, ನಾಬ್ ಮಾತ್ರ ಹೋಗಿದೆ. ನಾಬಿನ ಕತ್ತಿಗೆ ಹೊರಗಿನಿಂದ ಸಣ್ಣ ತಂತಿ ಬಿಗಿಯಾಗಿ ಸುತ್ತಿ, ಅದರ ಮೇಲೆ ಎಪಾಕ್ಸಿ ಹಚ್ಚಿದರೆ ಎಷ್ಟೋ ಕಾಲ ಬಾಳುತ್ತದೆ. ಅಂಟನ್ನು ತೂತಿನ ಒಳಗೆ ಹಚ್ಚಬೇಡಿ. ಶಾಫ್ಟಿಗೇ ಅಂಟಿಕೊಂಡರೆ ಆಮೇಲೆ ಟೈಮರ್ ಬಿಚ್ಚಲು ದಾರಿಯೇ ಇಲ್ಲ. ಶಾಫ್ಟ್ ಕೂಡ ಬಿಗಿ ಇಲ್ಲದೆ ಸುತ್ತಿದರೆ ಮಾತ್ರ ಸ್ಪ್ರಿಂಗ್ ತುಂಡಾಗಿದೆ, ಅಥವಾ ಅದರ ಕೊಕ್ಕೆ ಕಳಚಿದೆ ಅನ್ನಿ.

ನಡುವೆ ನಿಲ್ಲುವ ಟೈಮರ್

ಎಲ್ಲಕ್ಕಿಂತ ಹೆಚ್ಚು ಬರುವ ದೂರು ಇದು, ಎಲ್ಲಕ್ಕಿಂತ ಚೆನ್ನಾಗಿ ಸುಳಿವು ಕೊಡುವುದೂ ಇದೇ. ಯಾವ ಅಂಕಿಯಲ್ಲಿ ನಿಲ್ಲುತ್ತದೆ ಅಂತ ಬರೆದಿಡಿ. ಸುಮ್ನೆ ತಟ್ಟಿ ಓಡಿಸಬೇಡಿ, ಮೊದಲು ಬರೆಯಿರಿ.

ಪ್ರತಿ ಸಲವೂ ಒಂದೇ ಅಂಕಿಯಲ್ಲಿ, ಉದಾಹರಣೆಗೆ 22ರಲ್ಲಿ ನಿಂತರೆ ದೋಷ ಇರುವುದು ಗಂಟೆಗೆ ಒಂದೇ ಸುತ್ತು ತಿರುಗುವ ಭಾಗದಲ್ಲಿ. ಅಂದರೆ ನಾಬ್, ಡಯಲ್, ಶಾಫ್ಟ್, ದೊಡ್ಡ ಚಕ್ರ ಇಷ್ಟರಲ್ಲಿ ಎಲ್ಲೋ ಒಂದು ಕಡೆ. ನಾಬ್ ತೆಗೆದು ಓಡಿಸಿ ನೋಡಿ. ಈಗ ನಿಲ್ಲದಿದ್ದರೆ ನಾಬಿನ ಅಂಚು ಹೊರಗವಚಕ್ಕೆ ಉಜ್ಜುತ್ತಿತ್ತು ಅಂತ ಅರ್ಥ. ಟೊಮೆಟೊ, ಕೋಳಿ ಆಕಾರದ ಟೈಮರುಗಳಲ್ಲಿ ಇದು ತುಂಬ ಇದೆ. ಅವುಗಳಲ್ಲಿ ಮೇಲಿನ ಅರ್ಧ ಗೋಳವೇ ನಾಬ್, ಒಂದು ಬದಿ ತುಸು ಬಾಗಿದರೂ ಕೆಳಗಿನ ಅರ್ಧಕ್ಕೆ ತಾಗುತ್ತದೆ. ನಾಬನ್ನು ಒಂದು ಉಗುರಿನ ದಪ್ಪದಷ್ಟು ಮೇಲೆತ್ತಿ ಕೂರಿಸಿದರೆ ಕೆಲಸ ಮುಗಿಯಿತು. ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ 1980ರ ದಶಕದ ಕೊನೆಯಲ್ಲಿ ಓದಲು ಕೂರುವಾಗ ಇಟ್ಟುಕೊಳ್ಳುತ್ತಿದ್ದ ಟೈಮರೂ ಟೊಮೆಟೊ ಆಕಾರದ್ದೇ. 25 ನಿಮಿಷ ಓದಿ ತುಸು ಬಿಡುವು ಕೊಡುವ ಅವರ ಪೊಮೊಡೊರೊ ಪದ್ಧತಿಗೆ ಹೆಸರು ಬಂದದ್ದು ಅದರಿಂದ, ಇಟಲಿಯ ಭಾಷೆಯಲ್ಲಿ ಪೊಮೊಡೊರೊ ಅಂದರೆ ಟೊಮೆಟೊ. ಈಗ ಓದುವ ಮಕ್ಕಳ ಮೇಜಿನ ಮೇಲೂ ಅದೇ ಟೊಮೆಟೊ, ಹಾಗಾಗಿ ಅಡುಗೆಮನೆ ಹಬೆ ಕಾಣದ ಟೈಮರಿಗೂ ಈ ಕಾಯಿಲೆ ತಪ್ಪಿದ್ದಲ್ಲ.

ಬೇರೆ ಬೇರೆ ಅಂಕಿಯಲ್ಲಿ, ಆದರೆ ಸಮ ಅಂತರದಲ್ಲಿ ನಿಂತರೆ ಎರಡನೇ ಚಕ್ರ ನೋಡಿ. ದೊಡ್ಡ ಚಕ್ರಕ್ಕೆ 64 ಹಲ್ಲು, ಅದು ತಿರುಗಿಸುವ ಪುಟ್ಟ ಚಕ್ರಕ್ಕೆ 8 ಹಲ್ಲು ಅಂತ ಇಟ್ಟುಕೊಳ್ಳಿ. ಪುಟ್ಟದು ಗಂಟೆಗೆ 8 ಸುತ್ತು ತಿರುಗುತ್ತದೆ, ಅಂದರೆ ಏಳೂವರೆ ನಿಮಿಷಕ್ಕೆ ಒಂದು ಸುತ್ತು. ಅದರ ಒಂದು ಹಲ್ಲಿನ ಸಂದಿಯಲ್ಲಿ ಕಸ ಇದ್ದರೆ ಏಳೂವರೆ ನಿಮಿಷಕ್ಕೊಮ್ಮೆ ಟೈಮರ್ ಕುಂಟುತ್ತದೆ. ಹಲ್ಲು ಎಣಿಸಿದರೆ ಯಾವ ಚಕ್ರ ಅಂತ ಲೆಕ್ಕ ಸಿಗುತ್ತದೆ. ಸೂಜಿ ತುದಿಯಿಂದ ಆ ಕಸ ಎಬ್ಬಿಸಿ.

ಎಲ್ಲಿ ಬೇಕಾದರೂ ನಿಲ್ಲುತ್ತದೆ, ಲೆಕ್ಕವೇ ಇಲ್ಲ ಅಂದರೆ ಎಸ್ಕೇಪ್ ಚಕ್ರದ ಕಡೆ ಜಿಡ್ಡು. ತೊಳೆಯಬೇಕು.

ಮಲಗಿಸಿದರೆ ಓಡುತ್ತದೆ, ಫ್ರಿಜ್ಜಿಗೆ ನೆಟ್ಟಗೆ ಅಂಟಿಸಿದರೆ ನಿಲ್ಲುತ್ತದೆ ಅನ್ನುವವರೂ ಇದ್ದಾರೆ. ಅಲ್ಲಿ ತೂಕದ ಚಕ್ರದ ಕಡ್ಡಿ ಬಗ್ಗಿದೆ, ಇಲ್ಲವೇ ಅದರ ತೂತು ಸವೆದು ದೊಡ್ಡದಾಗಿದೆ. ಸರಿ ಮಾಡುವ ಬದಲು ಮಲಗಿಸಿಯೇ ಬಳಸಿ.

ತೆಂಗಿನೆಣ್ಣೆಯ ವಿಷಯ

ಇದನ್ನು ಬೇರೆಯಾಗಿಯೇ ಹೇಳಬೇಕು. ಉಡುಪಿಯಲ್ಲಿ ನಮ್ಮ ದೊಡ್ಡಮ್ಮನ ಟೈಮರ್ ಡಿಸೆಂಬರ್ ತಿಂಗಳಲ್ಲಿ ವಿಚಿತ್ರವಾಗಿ ಆಡುತ್ತಿತ್ತು.

"ಬೆಳಿಗ್ಗೆ ಮಾತ್ರ ಇದರ ಮುಷ್ಕರ ಮಾರಾಯ. ಮಧ್ಯಾಹ್ನ ನೋಡಿದರೆ ಸರಿ ಇರ್ತದೆ."

"ಎಣ್ಣೆ ಎಂತಾದರೂ ಬಿಟ್ಟಿದ್ದೀರಾ ದೊಡ್ಡಮ್ಮ?"

"ಹೌದು, ಮೊನ್ನೆ ಕಿರ್ ಕಿರ್ ಅಂತಿತ್ತು. ಎರಡು ಬಿಂದು ತೆಂಗಿನೆಣ್ಣೆ. ಗಾಣದ್ದೇ, ಒಳ್ಳೆಯದು."

ಗಾಣದ್ದಾದರೂ ಅದು ತೆಂಗಿನೆಣ್ಣೆಯೇ ಅಲ್ವಾ! ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಕರಾವಳಿಯಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಜಾವ ಸೆಕೆ ಇಳಿದು ಉಷ್ಣತೆ 20–22 ಡಿಗ್ರಿಗೆ ಬರುತ್ತದೆ. ಬಚ್ಚಲಿನ ಬಾಟ್ಲಿಯಲ್ಲಿ ಬೆಳ್ಳಗೆ ಗಟ್ಟಿಯಾದ ಎಣ್ಣೆ ಕಾಣುವುದಿಲ್ಲವೇ, ಅದೇ ಟೈಮರಿನ ತೂತುಗಳ ಒಳಗೂ ಆಗಿರುತ್ತದೆ. ಬಿಸಿಲು ಏರಿದ ಮೇಲೆ ಕರಗಿ ಟೈಮರ್ ಓಡುತ್ತದೆ. ಆಗ ಯಾರಿಗೂ ಅನುಮಾನ ಬರುವುದಿಲ್ಲ.

ಇದು ಚಳಿಯದೊಂದೇ ತೊಂದರೆ ಅಲ್ಲ. ಹಳತಾದ ಅಡುಗೆ ಎಣ್ಣೆ ಕಮಟಾಗುತ್ತದೆ, ಅದರಲ್ಲಿ ಆಮ್ಲದ ಅಂಶ ಏರುತ್ತದೆ. ಹಿತ್ತಾಳೆಗೆ ಅದು ತಾಗಿದ ಕಡೆ ಹಸಿರು ಕಿಲುಬು ಹುಟ್ಟುತ್ತದೆ. ಮೇಲೆ ಹಿಟ್ಟಿನ ಧೂಳು ಕೂತು ಗಟ್ಟಿ ಅಂಟಾಗುತ್ತದೆ. ಟೈಮರ್ ಬಿಚ್ಚಿದಾಗ ತೂತುಗಳ ಸುತ್ತ ಹಸಿರು ಉಂಗುರ, ಹಲ್ಲುಗಳ ಬುಡದಲ್ಲಿ ಕಂದು ಮೇಣದಂಥದ್ದು ಕಂಡರೆ ಯಾರೋ ಪ್ರೀತಿಯಿಂದ ತೆಂಗಿನೆಣ್ಣೆ ಬಿಟ್ಟಿದ್ದಾರೆ ಅಂತ ತಿಳಿಯಿರಿ. ಸ್ಪ್ರೇ ಡಬ್ಬಿಯ ಡಬ್ಲ್ಯೂಡಿ-40 ಹೊಡೆಯುವವರೂ ಕಡಿಮೆ ಇಲ್ಲ. ಅದು ಆ ಕ್ಷಣಕ್ಕೆ ಜಿಡ್ಡು ಸಡಿಲ ಮಾಡುತ್ತದೆ, ಟೈಮರ್ ಓಡುತ್ತದೆ. ಆದರೆ ಸಡಿಲವಾದ ಜಿಡ್ಡು ಅಲ್ಲೇ ಉಳಿಯುತ್ತದೆ, ಸ್ಪ್ರೇ ಹೇರ್‌ಸ್ಪ್ರಿಂಗಿಗೂ ತಾಗುತ್ತದೆ. ಅದರ ಫಲ ಮುಂದೆ ಹೇಳುತ್ತೇನೆ.

ಹೊತ್ತು ತಪ್ಪುವುದು

ಮೊಬೈಲಿನ ಸ್ಟಾಪ್‌ವಾಚ್ ಜೊತೆ ಎರಡು ಸಲ ಪರೀಕ್ಷೆ ಮಾಡಿ. ಒಮ್ಮೆ 10 ನಿಮಿಷಕ್ಕೆ, ಒಮ್ಮೆ 50 ನಿಮಿಷಕ್ಕೆ. ಎರಡರಲ್ಲೂ ಒಂದೇ ಅಷ್ಟು, ಅಂದರೆ 2 ನಿಮಿಷವೇ ತಪ್ಪಿದರೆ ಯಂತ್ರದ ತಪ್ಪಲ್ಲ. ನಾಬ್ ಸರಿಯಾದ ಜಾಗದಲ್ಲಿ ಕೂತಿಲ್ಲ ಅಷ್ಟೇ. 10ರಲ್ಲಿ ಅರ್ಧ ನಿಮಿಷ, 50ರಲ್ಲಿ ಎರಡೂವರೆ ನಿಮಿಷ ತಪ್ಪಿದರೆ ಓಟದ ವೇಗವೇ ತಪ್ಪಿದೆ.

ನಿಧಾನಕ್ಕೆ ಕಾರಣ ಸಾಧಾರಣವಾಗಿ ಜಿಡ್ಡು. ಬೇಗ ಓಡುವ ಟೈಮರ್ ಸ್ವಲ್ಪ ಆಸಕ್ತಿಯ ವಿಷಯ. ಹೇರ್‌ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ತಾಗದೆ ಉಸಿರಾಡಬೇಕು. ಎಣ್ಣೆ ತಾಗಿ ಎರಡು ಸುತ್ತು ಅಂಟಿಕೊಂಡರೆ ಸ್ಪ್ರಿಂಗ್ ಗಿಡ್ಡವಾದ ಹಾಗೆ, ತೂಕದ ಚಕ್ರ ಬೇಗ ಬೇಗ ಹೊಡೆದುಕೊಳ್ಳುತ್ತದೆ. ಟಿಕ್ ಸದ್ದಿನಲ್ಲೇ ಅವಸರ ಕೇಳಿಸುತ್ತದೆ. ಆಯಸ್ಕಾಂತ ತಾಗಿದರೂ ಇದೇ ಕಥೆ. ಫ್ರಿಜ್ಜಿಗೆ ಅಂಟಲಿ ಅಂತ ಹಳೆ ಸ್ಪೀಕರಿನ ಮ್ಯಾಗ್ನೆಟ್ ಕಿತ್ತು ಟೈಮರಿನ ಬೆನ್ನಿಗೆ ಹಚ್ಚಿದ್ದರೆ ಮೊದಲು ಅದನ್ನು ತೆಗೆಯಿರಿ. ಆಮೇಲೆ ವಾಚ್ ರಿಪೇರಿಯವರ ಹತ್ತಿರ ಒಯ್ಯಿರಿ. ಮಂಗಳೂರಿನ ಹಂಪನಕಟ್ಟೆಯಲ್ಲೋ ಉಡುಪಿ ಪೇಟೆಯಲ್ಲೋ ಹಳೆಯ ವಾಚ್ ಅಂಗಡಿಯಲ್ಲಿ ಆಯಸ್ಕಾಂತದ ಗುಣ ತೆಗೆಯುವ ಡೀಮ್ಯಾಗ್ನೆಟೈಸರ್ ಇದ್ದರೆ ಅದು ಕ್ಷಣದ ಕೆಲಸ.

ಟಿಕ್ ಇದೆ, ಬೆಲ್ ಇಲ್ಲ

ಮೊದಲು ಬಳಸುವ ರೀತಿ ನೋಡಿ. 3 ನಿಮಿಷ ಬೇಕು ಅಂತ ಸೀದಾ 3ಕ್ಕೆ ತಿರುಗಿಸಿ ಬಿಟ್ಟರೆ ಬೆಲ್ಲಿಗೆ ಬೇಕಾದಷ್ಟು ಕೀ ಸಿಗದೇ ಹೋಗಬಹುದು. 15–20ರ ಆಚೆಗೆ ತಿರುಗಿಸಿ, ಆಮೇಲೆ ಮೆಲ್ಲ 3ಕ್ಕೆ ಹಿಂದೆ ತರಬೇಕು. ಬೆಲ್ ಬಡಿಯುವುದಿಲ್ಲ ಅನ್ನುವ ದೂರು ಎಷ್ಟೋ ಸಲ ಇಲ್ಲಿಗೇ ಮುಗಿಯುತ್ತದೆ.

ಹಾಗೆ ಮಾಡಿಯೂ ಬಡಿಯದಿದ್ದರೆ ಹೊರಗವಚ ತೆಗೆಯಿರಿ. ಬೆಲ್ ಅಂದರೆ ಬಟ್ಟಲಿನಂಥ ಲೋಹ, ನಡುವೆ ಒಂದು ಸ್ಕ್ರೂ. ಅದನ್ನು ಉಗುರಿನಿಂದ ಮೀಟಿ. ಣಿಂಗ್ ಅಂತ ಉದ್ದ ಎಳೆದರೆ ಬೆಲ್ ಚೆನ್ನಾಗಿದೆ. ಟಕ್ ಅಂತ ಸತ್ತ ಸದ್ದು ಬಂದರೆ ಏನೋ ತಾಗುತ್ತಿದೆ. ಅದು ಕವಚದ ಗೋಡೆ ಇರಬಹುದು, ಸಡಿಲವಾದ ಸ್ಕ್ರೂ ಇರಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಸುತ್ತಿಗೆ. ಸುಮ್ನೆ ಇರುವಾಗ ಸುತ್ತಿಗೆಯ ತಲೆ ಬೆಲ್ಲಿಗೆ ತಾಗಿರಬಾರದು. ನಡುವೆ ಒಂದು ಮದುವೆ ಕಾಗದದ ದಪ್ಪ ಜಾಗ ಇರಬೇಕು. ಬಡಿದು ವಾಪಸು ಬಂದಾಗ ಮಾತ್ರ ಬೆಲ್ ಹಾಡುತ್ತದೆ, ಒರಗಿ ಕೂತರೆ ಅದರ ಬಾಯಿ ಮುಚ್ಚಿದಂತೆ. ಕಾಗದವನ್ನೇ ತುಂಡು ಮಾಡಿ ನಡುವೆ ಇಟ್ಟು, ಸುತ್ತಿಗೆಯ ತಂತಿಯನ್ನು ಚಿಮಟದಿಂದ ಎಳ್ಳಷ್ಟೇ ಬಗ್ಗಿಸಿ. ತಂತಿಯ ನಡುಭಾಗ ಹಿಡಿಯಿರಿ, ಬುಡ ಹಿಡಿದರೆ ಮುರಿಯುತ್ತದೆ.

ಜಾಗ ಸರಿ ಇದ್ದೂ ಸುತ್ತಿಗೆ ಅಲ್ಲಾಡದಿದ್ದರೆ ಲಿವರ್ ಕಚ್ಚಿಗೆ ಬೀಳುತ್ತಿಲ್ಲ. ಸೊನ್ನೆಗೆ ತಂದು ಲಿವರನ್ನು ಹಲ್ಲುಕಡ್ಡಿಯಿಂದ ಒತ್ತಿ. ಆಗ ಬಡಿದರೆ ಲಿವರಿನ ಬುಡದ ಜಿಡ್ಡು ತೊಳೆದರೆ ಸಾಕು.

ತೊಳೆಯುವುದು, ಎಣ್ಣೆ ಬಿಡುವುದು

ಒಂದು ಎಚ್ಚರಿಕೆ. ಟೈಮರ್ ಸೊನ್ನೆಯಲ್ಲಿ ನಿಂತಿದ್ದರೂ ಮುಖ್ಯ ಸ್ಪ್ರಿಂಗ್ ಪೂರ್ತಿ ಸಡಿಲವಾಗಿರುವುದಿಲ್ಲ. ತಯಾರಿಸುವಾಗಲೇ ಅದಕ್ಕೆ ಸ್ವಲ್ಪ ಬಿಗಿ ಕೊಟ್ಟಿರುತ್ತಾರೆ. ಚಕ್ರಗಳನ್ನು ಹಿಡಿದಿರುವ ಎರಡು ಲೋಹದ ಪ್ಲೇಟುಗಳನ್ನು ಬೇರೆ ಮಾಡಿದರೆ ಉಕ್ಕಿನ ಪಟ್ಟಿ ಮುಖಕ್ಕೆ ಹಾರಬಹುದು. ಅದೂ ಅಲ್ಲದೆ ಅಗ್ಗದ ಟೈಮರಿನಲ್ಲಿ ಪ್ಲೇಟುಗಳನ್ನು ತಿರುಚಿದ ತಗಡಿನ ಕಿವಿಗಳು ಹಿಡಿದಿರುತ್ತವೆ, ಬಿಚ್ಚಿ ಮತ್ತೆ ತಿರುಚಿದರೆ ಮುರಿಯುತ್ತವೆ. ಹಾಗಾಗಿ ಪ್ಲೇಟ್ ಬಿಚ್ಚಲೇಬೇಡಿ. ಇಡೀ ಯಂತ್ರವನ್ನೇ ತೊಳೆಯಿರಿ.

ನಾಬ್, ಹೊರಗವಚ, ಬೆಲ್ ಎಲ್ಲ ತೆಗೆದು, ಬರೀ ಯಂತ್ರವನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಮುಳುಗಿಸಿ. ಮೊಬೈಲ್ ರಿಪೇರಿ ಅಂಗಡಿಯವರು ಐಪಿಎ ಅಂತ ಕರೆಯುವುದು ಇದನ್ನೇ. ಥಿನ್ನರ್ ಬೇಡ, ಪ್ಲಾಸ್ಟಿಕ್ ಭಾಗ ಇದ್ದರೆ ಕರಗುತ್ತದೆ. ಐಪಿಎ ಬೇಗ ಹೊತ್ತಿಕೊಳ್ಳುವ ದ್ರವ. ಈ ಕೆಲಸ ಗ್ಯಾಸ್ ಒಲೆ ಇರುವ ಅಡುಗೆಮನೆಯಲ್ಲಿ ಬೇಡವೇ ಬೇಡ, ಚಾವಡಿಯಲ್ಲೋ ಜಗಲಿಯಲ್ಲೋ ಗಾಳಿಯಾಡುವ ಕಡೆ ಮಾಡಿ. ಹಳೆ ಟೂತ್‌ಬ್ರಷ್ಷಿನಿಂದ ಹಲ್ಲುಗಳನ್ನು ತಿಕ್ಕಿ, ಆದರೆ ಹೇರ್‌ಸ್ಪ್ರಿಂಗ್ ಹತ್ತಿರ ಬ್ರಷ್ ಹೋಗಬಾರದು. ದ್ರವದೊಳಗೇ ಸ್ವಲ್ಪ ಕೀ ಕೊಟ್ಟು ಓಡಲು ಬಿಟ್ಟರೆ ತೂತುಗಳ ಒಳಗಿನ ಕೊಳೆ ತಾನೇ ಹೊರಗೆ ಬರುತ್ತದೆ. ದ್ರವ ಕಂದು ಬಣ್ಣಕ್ಕೆ ತಿರುಗಿದರೆ ಚೆಲ್ಲಿ ಹೊಸತು ಹಾಕಿ.

ಮಳೆಗಾಲದಲ್ಲಿ ಒಣಗಿಸುವುದೇ ದೊಡ್ಡ ಕೆಲಸ. ಫ್ಯಾನಿನ ಕೆಳಗೆ ಒಂದು ರಾತ್ರಿ ಇಡಿ. ವಾಸನೆ ಪೂರ್ತಿ ಹೋದ ಮೇಲೆ ಮಾತ್ರ ಹೇರ್‌ಡ್ರೈಯರ್.

ಎಣ್ಣೆ ಅಂದರೆ ಹೊಲಿಗೆ ಮೆಷಿನ್ ಎಣ್ಣೆ, ವಾಚಿನ ಎಣ್ಣೆ ಸಿಕ್ಕರೆ ಇನ್ನೂ ಒಳ್ಳೆಯದು. ಡಬ್ಬಿಯ ಮೂತಿಯಿಂದ ಬಿಡಬೇಡಿ. ಸೂಜಿಯ ತುದಿ ಅದ್ದಿ, ಆ ತುದಿಯಲ್ಲಿ ನಿಂತಷ್ಟನ್ನು ಮಾತ್ರ ಕಡ್ಡಿ ಪ್ಲೇಟಿನೊಳಗೆ ಕೂರುವ ತೂತಿಗೆ ತಾಗಿಸಿ. ಎಣ್ಣೆ ತೂತಿನ ಒಳಗೆ ಎಳೆದುಕೊಂಡು ಹೋಗುವುದು ಕಾಣುತ್ತದೆ. ಪ್ಲೇಟಿನ ಮೇಲೆ ಹರಡಿದರೆ ಜಾಸ್ತಿಯಾಯಿತು, ಒರೆಸಿ. ಮುಖ್ಯ ಸ್ಪ್ರಿಂಗಿನ ಅಂಚಿಗೆ ಒಂದು ಬಿಂದು. ಹಲ್ಲುಗಳಿಗೆ ಬೇಡ, ಹೇರ್‌ಸ್ಪ್ರಿಂಗಿಗೆ ಖಂಡಿತ ಬೇಡ.

ನಾಬನ್ನು ಕೊನೆಗೆ ಕೂರಿಸುವಾಗ ಒಂದು ಕ್ರಮ ಇದೆ. ಯಂತ್ರಕ್ಕೆ ಸ್ವಲ್ಪ ಕೀ ಕೊಟ್ಟು ತಾನಾಗಿ ಓಡಿ ಬೆಲ್ ಬಡಿಯಲು ಬಿಡಿ. ಬಡಿಯಲು ಶುರುವಾದ ಕ್ಷಣ ಶಾಫ್ಟ್ ಎಲ್ಲಿದೆಯೋ ಅದೇ ಸೊನ್ನೆ. ನಾಬಿನ ಸೊನ್ನೆ ಅಲ್ಲಿಗೆ ಬರುವಂತೆ ಒತ್ತಿ. ಚಪ್ಪಟೆ ಬದಿ ಇರುವ ಶಾಫ್ಟಿನಲ್ಲಿ ನಾಬ್ ಒಂದೇ ರೀತಿ ಕೂರುತ್ತದೆ, ಅಲ್ಲಿ ಹೊಂದಿಸಲು ಬರುವುದಿಲ್ಲ. ಆಗ ಹೊರಗವಚದ ಗುರುತಿನ ಪಕ್ಕ ಪರ್ಮನೆಂಟ್ ಮಾರ್ಕರಿನಲ್ಲಿ ಹೊಸ ಚುಕ್ಕೆ ಹಾಕಿಕೊಳ್ಳಿ. ಇಡುವ ಜಾಗ ಒಲೆಯಿಂದ ಒಂದೆರಡು ಮಾರು ದೂರ ಇರಲಿ. ಇಡ್ಲಿ ಪಾತ್ರೆಯ ಹಬೆ ಬೀಸುವ ಕಡೆ ಮಾತ್ರ ಬೇಡ.